ಸಾವಿರದ ಎಂಬತ್ತೊಂದರ ಬಾಗಿಲು

ಮಧ್ಯಾಹ್ನದ ಊಟ ಮುಗಿದು, ಚಹಾದ ಲೋಟಗಳ ತಳದಲ್ಲಿ ಪುದೀನ ಎಲೆ ತಣ್ಣಗಾಗಿ, ಬಿಸಿಲು ಅಂಗಳದ ಗೋಡೆಯ ಮೇಲೆ ಅರ್ಧಕ್ಕೆ ಇಳಿದ ಮೇಲೆ ಬತೂಲ್ ದಿಂಬಿಗೆ ಒರಗುತ್ತಿದ್ದಳು. ಸೊಸೆಯಂದಿರು ಮೊಮ್ಮಕ್ಕಳಿಗೆ "ಶ್, ಅಜ್ಜಿ ಮಲಗಿದ್ದಾರೆ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಮನೆಯವರ ಪಾಲಿಗೆ ಅದು ನಿದ್ದೆ. ಬತೂಲ್‌ಗೆ ಮಾತ್ರ ಅದು ಇನ್ನೊಂದು ಮನೆಗೆ ಹೋಗಿಬರುವ ಹೊತ್ತು. ಆ ಮನೆಯ ಹೆಸರು 17296.

ಕಣ್ಣು ಮುಚ್ಚಿದರೆ ಸಾಕು, ಹೊಸಿಲು ದಾಟುತ್ತಿದ್ದಳು. ಮೊದಲು ಸಿಗುವ ಹಜಾರ 8648. ಅಲ್ಲಿಂದ ಮೆಟ್ಟಿಲಿಳಿದರೆ ಅದರ ಅರ್ಧ, 4324. ಇನ್ನೂ ಕೆಳಗೆ 2162. ಮೆಟ್ಟಿಲುಗಳ ಮೇಲೆ ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂಬ ಮಕ್ಕಳು ಆಡಿಕೊಂಡಿರುತ್ತಿದ್ದವು. ನೀರಿನ ಸದ್ದು ಎಲ್ಲಿಂದಲೋ ಬರುತ್ತಿತ್ತು, ಕಿತ್ತಳೆ ಹೂವಿನ ವಾಸನೆಯೂ. ಕಟ್ಟಕಡೆಯ ಮೆಟ್ಟಿಲ ಕೆಳಗೆ 1081. ಅದನ್ನು ಅರ್ಧ ಮಾಡಲು ಬರುವುದಿಲ್ಲ. ಅಲ್ಲಿ ಮೆಟ್ಟಿಲು ಮುಗಿದು, ದೇವದಾರು ಮರದ ಒಂದು ಮುಚ್ಚಿದ ಬಾಗಿಲು ನಿಂತಿರುತ್ತಿತ್ತು. ಅದರ ಮುಂದೆ ಸ್ವಲ್ಪ ಹೊತ್ತು ನಿಂತು, ಬತೂಲ್ ವಾಪಸು ಮೆಟ್ಟಿಲು ಹತ್ತುತ್ತಿದ್ದಳು. ಹುಡುಗಿಯಾಗಿದ್ದಾಗಿನಿಂದ ಹಾಗೆಯೇ. ಅಜ್ಜಿಯಾದರೂ ಹಾಗೆಯೇ.

ಸಂಖ್ಯೆ ಎಂದರೆ ಮನೆ ಅನ್ನುವುದು ಅವಳ ತಂದೆಯ ಮಾತು. ಆ ತಂದೆ, ಸಿ ಮಕ್ಕಿ, ಫೆಸ್ ಊರಿನ ಒಂದು ಮಸೀದಿಯಲ್ಲಿ ವೇಳೆಗಾರರಾಗಿದ್ದರು. ನೆರಳನ್ನು ಅಳೆದು, ನಕ್ಷತ್ರ ನೋಡಿ, ಐದು ಹೊತ್ತಿನ ಪ್ರಾರ್ಥನೆಗೆ ಸಮಯ ಹೇಳುವ ಕೆಲಸ. ಊರಿಗೆ ಗಡಿಯಾರಗಳು ಬಂದಾಗ ಜನ ಸಿ ಮಕ್ಕಿಯವರನ್ನು ಕೇಳಿ ಗಡಿಯಾರವನ್ನು ತಿದ್ದಿಕೊಂಡರೇ ಹೊರತು ಗಡಿಯಾರ ನೋಡಿ ಅವರನ್ನು ತಿದ್ದಲಿಲ್ಲ. ಗಂಡುಮಕ್ಕಳಿಲ್ಲದ ಮನುಷ್ಯ, ತನಗೆ ಗೊತ್ತಿದ್ದದ್ದನ್ನೆಲ್ಲ ಮಗಳಿಗೂ, ಮಗಳ ಬೆನ್ನಿಗೆ ನೆರಳಿನಂತೆ ಅಂಟಿಕೊಂಡಿದ್ದ ಪಕ್ಕದ ಮನೆಯ ಖನಾತಾಳಿಗೂ ಹೇಳಿಕೊಟ್ಟರು. ಹಲಗೆಯ ಮೇಲೆ ಧೂಳು ಹರಡಿ ಬೆರಳಿನಿಂದ ಬರೆಸುತ್ತಿದ್ದರು. ತಪ್ಪಾದರೆ ಊದಿಬಿಡುವುದು. ಧೂಳಿನ ಲೆಕ್ಕದಲ್ಲಿ ನಾಚಿಕೆಗೆ ಜಾಗವಿಲ್ಲ ಎನ್ನುತ್ತಿದ್ದರು.

"ನೋಡ್ರೇ ಹುಡುಗೀರಾ, ಪ್ರತಿ ಸಂಖ್ಯೆನೂ ಒಂದು ಮನೆ. ಒಂದಿಷ್ಟೂ ಮಿಗದ ಹಾಗೆ ಅದನ್ನ ಭಾಗಿಸೋರೆಲ್ಲಾ ಆ ಮನೆಯವರು. ಅವರನ್ನೆಲ್ಲಾ ಕೂಡಿಸಿ. ಮನೇನ ಮಾತ್ರ ಕೂಡಿಸಬೇಡಿ. ಗೋಡೆ ರೊಟ್ಟಿ ತಿನ್ನಲ್ಲ."

284ರ ಮನೆಯಲ್ಲಿ ಐದೇ ಮಂದಿ: ಒಂದು, ಎರಡು, ನಾಲ್ಕು, ಎಪ್ಪತ್ತೊಂದು, ನೂರ ನಲವತ್ತೆರಡು. ಕೂಡಿಸಿದರೆ 220. ಇನ್ನು 220ರ ಮನೆಯವರನ್ನೆಲ್ಲ ಕೂಡಿಸಿದರೆ ಸರಿಯಾಗಿ 284. ಇವರ ಮಂದಿ ಸೇರಿ ಅವರ ಮನೆ, ಅವರ ಮಂದಿ ಸೇರಿ ಇವರ ಮನೆ. ಇಂಥ ಜೋಡಿಗೆ ಸ್ನೇಹದ ಸಂಖ್ಯೆಗಳು ಎಂದು ಹೆಸರು. ಎರಡು ರೊಟ್ಟಿಗಳ ಮೇಲೆ ಒಂದೊಂದನ್ನು ಬರೆದು, ತನ್ನದನ್ನು ಗೆಳತಿಗೆ ಕೊಟ್ಟು ಗೆಳತಿಯದನ್ನು ತಾನು ತಿಂದರೆ ಆ ಸ್ನೇಹ ಹಳಸುವುದಿಲ್ಲ ಎಂದು ನಂಬಿಕೆ.

ಖನಾತಾ ಮೂಗು ಮುರಿದಳು. "ಇದು ತಾಯಿತ ಮಾರೋ ಮುದುಕನಿಗೂ ಗೊತ್ತು, ಸಿ ಮಕ್ಕಿ. ಊರೆಲ್ಲಾ ಹಂಚಿಕೊಂಡಿರೋ ಸಂಖ್ಯೆ ನಮಗ್ಯಾಕೆ? ನಮ್ಮಿಬ್ಬರಿಗೇ ಅಂತ ಬೇರೆ ಕೊಡಿ."

ಸಿ ಮಕ್ಕಿ ಗಡ್ಡ ನೇವರಿಸಿಕೊಂಡು ನಕ್ಕರು. "ಹಾಗಾದ್ರೆ ದೊಡ್ಡ ಮನೇನೇ ತಗೊಳ್ಳಿ. ಬತೂಲ್‌ಗೆ 17296. ನಿನಗೆ 18416. ಆದ್ರೆ ನನ್ನ ಮಾತು ನಂಬಬೇಡಿ. ಮಾಡಿ ನೋಡಿ."

ಮಾತಿನಲ್ಲೇ ಬಿಡಲಿಲ್ಲ. ಬೀದಿಯ ಮನೆಮನೆಯ ಹಿಟ್ಟೂ ಬೇಯುವುದು ಬಾ ಅಲ್ಲಾಲ್ ಎಂಬ ರೊಟ್ಟಿಗಾರನ ಒಂದೇ ಒಲೆಯಲ್ಲಿ; ರೊಟ್ಟಿಗಳು ಕಲೆತುಹೋಗದಿರಲಿ ಎಂದು ಪ್ರತಿ ಮನೆಯವರೂ ತಮ್ಮ ಗುರುತಿನ ಮರದ ಅಚ್ಚನ್ನು ಹಸಿ ಹಿಟ್ಟಿಗೆ ಒತ್ತಿ ಕಳಿಸುತ್ತಾರೆ. ಒಬ್ಬರದು ನಕ್ಷತ್ರ, ಒಬ್ಬರದು ಮೀನು. ಸಿ ಮಕ್ಕಿ ಬಡಗಿಯಿಂದ ಎರಡು ಹೊಸ ಅಚ್ಚು ಕೆತ್ತಿಸಿದರು, ಒಂದರಲ್ಲಿ ಆ ಸಂಖ್ಯೆ, ಇನ್ನೊಂದರಲ್ಲಿ ಈ ಸಂಖ್ಯೆ. ಹುಡುಗಿಯರಿಬ್ಬರೂ ಅವನ್ನು ಒಡವೆಯಂತೆ ಎದೆಗವಚಿಕೊಂಡು ಓಡಿದರು.

ಲೆಕ್ಕ ಶುರುವಾಯಿತು. ಎರಡೂ ಮನೆಗಳಲ್ಲಿ ಅರ್ಧ ಮಾಡುತ್ತ ಕೆಳಗಿಳಿದರೆ ಕೊನೆಗೆ ಒಂದೊಂದು ಮುಚ್ಚಿದ ಬಾಗಿಲು: ಖನಾತಾಳದು 1151, ಬತೂಲ್‌ಳದು 1081. ಅದನ್ನು ಮೂರರಿಂದ ತಟ್ಟಬೇಕು, ಐದಕ್ಕೆ ತೆರೆಯದೆಂದು ನೋಡಿದರೇ ಗೊತ್ತು, ಆಮೇಲೆ ಏಳರಿಂದ, ಹನ್ನೊಂದರಿಂದ, ಹೀಗೆ. ಯಾವುದಕ್ಕಾದರೂ ಸರಿಯಾಗಿ ಭಾಗವಾದರೆ ಬಾಗಿಲು ತೆರೆದಂತೆ, ಒಳಗೆ ಇನ್ನೂ ಜನ ಇದ್ದಂತೆ. ಎಲ್ಲಿಯವರೆಗೆ ತಟ್ಟಬೇಕು ಎಂಬುದನ್ನೂ ಸಿ ಮಕ್ಕಿ ಹೇಳಿದ್ದರು. ತಟ್ಟುವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬಾಗಿಲಿಗಿಂತ ದೊಡ್ಡದಾಗುವವರೆಗೆ.

ಆದರೆ ಇದಕ್ಕೂ ಮುಂಚೆ, ಹಾಲುಹಲ್ಲಿನ ಕಾಲದಲ್ಲೇ, ಅದೇ ಸಿ ಮಕ್ಕಿ ಮಗಳಿಗೆ ಇನ್ನೊಂದು ಪಾಠ ಹೇಳಿದ್ದರು. ಯಾರದೇ ಬಾಗಿಲಿಗೆ ಹೋದರೂ ಮೂರು ಸಲ ತಟ್ಟು. ಓಗೊಟ್ಟರೆ ಒಳಗೆ ಹೋಗು, ಇಲ್ಲದಿದ್ದರೆ ಬೇಸರ ಮಾಡಿಕೊಳ್ಳದೆ ತಿರುಗಿ ಬಾ. ಮತ್ತೆ ತಟ್ಟುವುದು ಮರ್ಯಾದೆಯಲ್ಲ. ಬೀದಿಗೆ ಬೀದಿಯೇ ಬದುಕಿದ್ದು ಈ ಮಾತಿನ ಮೇಲೆ. ಬತೂಲ್ ಅಂತೂ ಮರ್ಯಾದೆಯನ್ನು ಹಾಲಿನ ಜೊತೆ ಕುಡಿದವಳು. ಅವಳು 1081ನ್ನು ಮೂರು, ಏಳು, ಹನ್ನೊಂದರಿಂದ ತಟ್ಟಿದಳು. ತೆರೆಯಲಿಲ್ಲ. ಪಾಪ, ಸಂಖ್ಯೆಯಲ್ಲವೇ ಎಂದು ಇನ್ನೊಂದು ಸುತ್ತು ಮರ್ಯಾದೆ ಕೊಟ್ಟಳು: ಹದಿಮೂರು, ಹದಿನೇಳು, ಹತ್ತೊಂಬತ್ತು. ತೆರೆಯಲಿಲ್ಲ. ಒಳಗೆ ಯಾರೂ ಇಲ್ಲ ಎಂದು ತೀರ್ಮಾನಿಸಿ, ಧೂಳು ಊದಿ ಎದ್ದುಬಿಟ್ಟಳು.

ಖನಾತಾ ಅಂಥ ಮರ್ಯಾದಸ್ಥೆಯಲ್ಲ. ಹಟಮಾರಿ. ತನ್ನ 1151ನ್ನು ಮೂವತ್ತೊಂದರವರೆಗೂ ಬಡಿದಳು. ಇಪ್ಪತ್ತಮೂರಕ್ಕೆ ಇನ್ನೇನು ತೆರೆಯಿತು ಎನ್ನುವಾಗ ಒಂದು, ಒಂದೇ ಒಂದು, ಮಿಕ್ಕಿತು. ಅವಳ ಬಾಗಿಲು ನಿಜವಾಗಿಯೂ ಯಾರಿಗೂ ತೆರೆಯದ ಬಾಗಿಲು.

ಸಂಜೆ ಮಾಳಿಗೆಯ ಮೇಲೆ, ಒಣಹಾಕಿದ ಬಟ್ಟೆಗಳ ನಡುವೆ, ಇಬ್ಬರೂ ಸೇರಿದರು.

"ನನ್ನ ಮನೇಲಿ ಇರೋದೇ ಒಂಬತ್ತು ಜನ ಕಣೇ," ಎಂದಳು ಖನಾತಾ. "ಕೂಡಿಸಿದ್ರೆ ಎಷ್ಟು ಗೊತ್ತಾ? 17296. ಪೂರಾ ನಿನ್ನ ಮನೆ! ನಿಂದೆಷ್ಟು ಬಂತು?"

ಬತೂಲ್ ತಲೆಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "16246."

"ಅಯ್ಯೋ! ಎರಡು ಸಾವಿರದ ನೂರ ಎಪ್ಪತ್ತು ಕಮ್ಮಿ! ನಾನು ಎಲ್ಲಾ ಬಳಿದು ಕೊಟ್ರೆ, ನೀನು ಅಳೆದೂ ಸುರಿದೂ ಕೊಡ್ತೀಯೇನೇ ಜಿಪುಣಿ?"

ಅದು ಹುಡುಗಾಟದ ಮಾತು. ಬತೂಲ್ ಕೂಡ ನಕ್ಕಳು. ಆದರೆ ಕೆಲವು ಮಾತು ನಗುತ್ತಲೇ ಒಳಗೆ ಹೋಗಿ ಕೂರುತ್ತವೆ. ತಂದೆಯನ್ನು ಕೇಳಬಹುದಿತ್ತು, ಕೇಳಲಿಲ್ಲ. ಲೆಕ್ಕ ತನ್ನದು ತಪ್ಪಾಗಿದ್ದರೆ ಮಗಳು ದಡ್ಡಿ ಎಂದು ಅಪ್ಪನಿಗೆ ತಿಳಿಯುತ್ತದೆ. ಅಪ್ಪನದೇ ತಪ್ಪಾಗಿದ್ದರೆ? ನಾಳೆ ಕೇಳಿದರಾಯಿತು ಎಂದು ದಿನ ತಳ್ಳಿದಳು. ಆ ಚಳಿಗಾಲದಲ್ಲಿ ಸಿ ಮಕ್ಕಿ ತೀರಿಕೊಂಡರು.

ಬತೂಲ್‌ಗೆ ಅದೇ ಬೀದಿಯ ಆ ತುದಿಯಲ್ಲಿ ಮದುವೆಯಾಯಿತು. ಗಂಡ ಕೊಂಬಿನ ಬಾಚಣಿಗೆ ಮಾಡುವವನು. ಅಣ್ಣತಮ್ಮಂದಿರು, ವಾರಗಿತ್ತಿಯರು, ಅತ್ತೆ, ಅತ್ತೆಯ ಅಕ್ಕ, ಮಕ್ಕಳು, ಬೆಕ್ಕುಗಳು ತುಂಬಿ ತುಳುಕುವ ಮನೆ. ಖನಾತಾ ಮದುವೆಯಾಗಲಿಲ್ಲ. ಕಣ್ಣು ಕಾಣದ ತಾಯಿಯ ಜೊತೆ ಉಳಿದು, ಮದುಮಕ್ಕಳ ದಿಂಬಿಗೆ ರೇಷ್ಮೆ ಕಸೂತಿ ಹಾಕಿಕೊಂಡು ಬದುಕಿದಳು. ಆದರೂ ಗೆಳತಿಯರ ಹೋಗಿಬರುವಿಕೆ ನಿಂತಿರಲಿಲ್ಲ, ಬತೂಲ್‌ಳ ಚೊಚ್ಚಲ ಮಗನಿಗೆ ಹೆಸರಿಡುವ ದಿನದವರೆಗೆ. ಆ ದಿನ ಮನೆಯಲ್ಲಿ ಕುರಿ ಕೊಯ್ದಿದ್ದರು, ಹೆಂಗಸರು ಡೋಲು ಬಡಿದು ಹಾಡುತ್ತಿದ್ದರು. ಅದೇ ಮಧ್ಯಾಹ್ನ ಖನಾತಾಳ ತಾಯಿಯ ಪ್ರಾಣ ಹೋಯಿತು.

ಸುದ್ದಿ ತಿಳಿದ ಕೂಡಲೇ ಹಸಿ ಬಾಣಂತಿ ಎಂಬುದನ್ನೂ ಮರೆತು ಬತೂಲ್ ಓಡಿದ್ದಳು. ಖನಾತಾ ಬಾಗಿಲಲ್ಲೇ ನಿಂತು ಅವಳ ಮೈಮೇಲಿನ ಹಬ್ಬದ ಬಟ್ಟೆಯನ್ನು ನೋಡಿದಳು. "ನಿನ್ನ ಲೆಕ್ಕ ಯಾವತ್ತಿದ್ರೂ ಕಮ್ಮೀನೇ ಬರೋದು, ಬತೂಲ್," ಎಂದು ಒಳಗೆ ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸತ್ತ ಮನೆಯಲ್ಲಿ ಆಡಿದ ಮಾತೆಂದು ಬತೂಲ್ ಸುಮ್ಮನಾದಳು. ಆಮೇಲೆ ಅವಳೇ ಬರಲಿ ಎಂದು ಸುಮ್ಮನಾದಳು. ಆಮೇಲೆ ಸುಮ್ಮನಿರುವುದೇ ಅಭ್ಯಾಸವಾಯಿತು. ಬೀದಿಯಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡಿಕೊಂಡು ಹೋಗುತ್ತಿದ್ದರು. ಆದರೆ ಒಂದು ವಿಚಿತ್ರ. ಇಬ್ಬರಲ್ಲಿ ಒಬ್ಬಳೂ ಅಚ್ಚು ಬದಲಿಸಲಿಲ್ಲ. ದಿನ ಬೆಳಗಾದರೆ 17296 ಮತ್ತು 18416 ಬಾ ಅಲ್ಲಾಲನ ಒಲೆಗೆ ಹೋಗುತ್ತಿದ್ದವು. ಬಾ ಅಲ್ಲಾಲನಿಗೆ ಓದು ಬಾರದು, ಗುರುತು ಬರುತ್ತದೆ. ಉದ್ದ ಸಂಖ್ಯೆಯ ಎರಡು ರೊಟ್ಟಿಗಳನ್ನೂ ಅವನು ಅಕ್ಕಪಕ್ಕದಲ್ಲೇ ಇಡುತ್ತಿದ್ದ. ಹೆಂಗಸರು ಮಾತು ಬಿಟ್ಟಿದ್ದರೂ ಅವರ ರೊಟ್ಟಿಗಳು ಹೆಗಲಿಗೆ ಹೆಗಲು ತಾಗಿಸಿಕೊಂಡು ಉಬ್ಬುತ್ತಿದ್ದವು.

ಹೀಗೇ ತಲೆ ನೆರೆಯಿತು. ಗಂಡ ಹೋದ, ಸೊಸೆಯರು ಬಂದರು. ಒಂದು ಬೆಳಿಗ್ಗೆ ರೊಟ್ಟಿ ಹಲಗೆ ಕೊಡುವಾಗ, ದೊಡ್ಡ ಹೆಂಗಸರನ್ನೆಲ್ಲ ಮರ್ಯಾದೆಯಿಂದ ಲಲ್ಲಾ ಎನ್ನುವ ಬಾ ಅಲ್ಲಾಲ್ ಹಲ್ಲಿಲ್ಲದ ಬಾಯಿ ಬಿಟ್ಟು ಹೇಳಿದ:

"ಲಲ್ಲಾ ಬತೂಲ್, ನಿಮ್ಮ ರೊಟ್ಟಿಗೆ ಇನ್ನು ಜೊತೆ ಇರಲ್ಲ. ಲಲ್ಲಾ ಖನಾತಾ ಹಜ್‌ಗೆ ಹೊರಟ್ರು. ಗುರುವಾರ ವಿಮಾನ ಅಂತೆ."

ಬತೂಲ್ ಹಲಗೆಯನ್ನು ತಲೆಯ ಮೇಲಿಟ್ಟುಕೊಳ್ಳುವುದನ್ನು ಮರೆತಳು.

"ಮನೆಮನೆಗೂ ಹೋಗಿ ಕ್ಷಮೆ ಕೇಳ್ಕೊಂಡು ಬರ್ತಿದಾರೆ. ಇದ್ದಿಲು ಮಾರೋ ಹಮ್ಮೂಗೂ ಕೇಳಿದ್ರು. ಒದ್ದೆ ಇದ್ದಿಲು ಕೊಟ್ಟಿದ್ದಕ್ಕೆ ಯಾವತ್ತೋ ಕತ್ತೆ ಅಂದಿದ್ರಂತೆ. ಅವನೋ, ನನಗೆ ನೆನಪೇ ಇಲ್ಲ ಲಲ್ಲಾ ಅಂತ ಅತ್ತೇಬಿಟ್ಟ. ಈಗ ಬೀದಿಗೆಲ್ಲಾ ಅವನನ್ನ ಕತ್ತೆ ಅಂದಿದ್ದು ಗೊತ್ತಾಯ್ತು, ಅದು ಬೇರೆ ಮಾತು." ಅವನು ನಕ್ಕು, ಆಮೇಲೆ ದನಿ ತಗ್ಗಿಸಿದ. "ನಿಮ್ಮ ಮನೆಗೆ ಬಂದ್ರಾ?"

"ಬರ್ತಾಳೆ," ಎಂದಳು ಬತೂಲ್.

ಹಜ್‌ಗೆ ಹೊರಟವರು ಯಾರ ಮನಸ್ಸಿನ ಭಾರವನ್ನೂ ಹೊತ್ತುಕೊಂಡು ಹೋಗುವಂತಿಲ್ಲ. ಆ ವಯಸ್ಸಿನಲ್ಲಿ ಹೋದವರೆಲ್ಲ ತಿರುಗಿ ಬರುತ್ತಾರೆಂದೂ ಇಲ್ಲ. ಅಲ್ಲಿಯೇ ಮಣ್ಣಾಗಲಿ ಎಂದು ಬೇಡಿಕೊಂಡು ಹೋಗುವವರಿದ್ದಾರೆ. ಹೀಗೆಯೇ, ಗೋಡೆ ನೋಡಿಕೊಂಡೇ, ಖನಾತಾ ಹೊರಟುಹೋದರೆ? ಆ ಯೋಚನೆ ಬಂದದ್ದೇ ಬತೂಲ್ ಸೊಸೆಯರನ್ನು ಕೂಗಿದಳು. ಹೊಸಿಲು ತೊಳೆಸಿದಳು. ಬಾದಾಮಿ ಕಜ್ಜಾಯ ಮಾಡಿಸಿದಳು. ಬಾಗಿಲಿಗೆ ಕಿವಿ ಕೊಟ್ಟು ಕೂತಳು. ಖನಾತಾ ಎಡಮನೆಗೆ ಬಂದಳು, ಬಲಮನೆಗೂ ಬಂದಳು. ಇವಳ ಬಾಗಿಲು ಮಾತ್ರ ತಟ್ಟಲಿಲ್ಲ.

ಬುಧವಾರ ಬಿಸಿಲು ತಗ್ಗುವ ಹೊತ್ತಿಗೆ ಬತೂಲ್ ತಾನೇ ಎದ್ದಳು. ಬೀದಿಯ ಇನ್ನೊಂದು ತುದಿಗೆ ಹೋಗಿ ಖನಾತಾಳ ಬಾಗಿಲಿನ ಹಿತ್ತಾಳೆಯ ಬಳೆಯನ್ನು ಮೂರು ಸಲ ತಟ್ಟಿದಳು. ಒಳಗೆ ಕತ್ತರಿಯನ್ನು ತಟ್ಟೆಯಲ್ಲಿಟ್ಟ ಸದ್ದು. ಆಮೇಲೆ ಏನೂ ಇಲ್ಲ. ಕಾದಳು. ತಂದೆ ಕಲಿಸಿದ ಹಾಗೆ ತಿರುಗಿ ಬಂದಳು. ಬೇಸರ ಮಾಡಿಕೊಳ್ಳಬಾರದು ಎಂದೂ ಅವರು ಕಲಿಸಿದ್ದರು. ಅದು ಮಾತ್ರ ಆಗಲಿಲ್ಲ.

"ಮನೇಲಿ ಇರ್ಲಿಲ್ವೇನೋ ಅತ್ತೆ," ಎಂದಳು ಸೊಸೆ.

"ಇದ್ದಳು."

ಗುರುವಾರ ಬೆಳಿಗ್ಗೆ ಹಿಟ್ಟು ಕಲಸಲು ಕೂತವಳಿಗೆ ಕಲಸುವ ಮನಸ್ಸಿರಲಿಲ್ಲ. ಮಣೆಯ ಮೇಲೆ ಚೆಲ್ಲಿದ್ದ ಹಿಟ್ಟು ಬೆಳಕಿನಲ್ಲಿ ಮಂಜಿನ ಹಾಗೆ ಕಂಡಿತು. ಬೆರಳು ತನ್ನಷ್ಟಕ್ಕೆ ಅದರಲ್ಲಿ ಬರೆಯಿತು: 17296. ಅರ್ಧ, ಅರ್ಧದ ಅರ್ಧ. ಕಣ್ಣು ತೆರೆದಿದ್ದರೂ ಅವಳು ಮೆಟ್ಟಿಲಿಳಿಯುತ್ತಿದ್ದಳು. ಮಕ್ಕಳು ಸರಿದು ದಾರಿ ಬಿಟ್ಟವು. ನೀರಿನ ಸದ್ದು ಇವತ್ತು ಹತ್ತಿರದಲ್ಲೇ ಇತ್ತು. ಕೆಳಗೆ ಅದೇ ಬಾಗಿಲು.

ಅವಳಿಗೆ ಸಿಟ್ಟು ಬಂತು. ಬಾಗಿಲಿನ ಮೇಲೆ, ಅಪ್ಪನ ಮೇಲೆ, ಖನಾತಾಳ ಮೇಲೆ, ತಿರುಗಿ ಬಂದ ತನ್ನ ಕಾಲುಗಳ ಮೇಲೆ. ಹತ್ತೊಂಬತ್ತಕ್ಕೆ ತಾನು ನಿಲ್ಲಿಸಿದ್ದು ಯಾಕೆ? ಯಾವ ಮರ್ಯಾದೆ ಇದು? "ಬಾಗಿಲು ತೆಗಿ!" ಎಂದು ಬಾಯಿ ಬಿಟ್ಟೇ ಅಂದಳು. ಒಲೆಯ ಹತ್ತಿರ ಇದ್ದ ಸೊಸೆ ಗಾಬರಿಯಾಗಿ ತಿರುಗಿ ನೋಡಿದಳು.

ಮುಂದಿನದು ಇಪ್ಪತ್ತಮೂರು. ಬತೂಲ್ ಹಿಟ್ಟಿನಲ್ಲಿ ಭಾಗಿಸಿದಳು. ಇಪ್ಪತ್ತಮೂರು ನಲವತ್ತಲಿ ಒಂಬೈನೂರ ಇಪ್ಪತ್ತು. ಮಿಕ್ಕಿದ್ದು ನೂರ ಅರವತ್ತೊಂದು. ಇಪ್ಪತ್ತಮೂರು ಏಳಲಿ ನೂರ ಅರವತ್ತೊಂದು.

ಏನೂ ಮಿಗಲಿಲ್ಲ.

ಬಾಗಿಲು ತೆರೆದಿತ್ತು. ಒಳಗೆ ಇಪ್ಪತ್ತಮೂರು ಮತ್ತು ನಲವತ್ತೇಳು ಎದುರುಬದುರು ಕೂತಿದ್ದವು, ಇವಳು ಯಾವಾಗ ಬರುತ್ತಾಳೋ ಎಂದು ಕಾಯುತ್ತಿದ್ದವರ ಹಾಗೆ. ಅವುಗಳ ಹಿಂದೆ ಅವುಗಳ ದುಪ್ಪಟ್ಟು, ದುಪ್ಪಟ್ಟಿನ ದುಪ್ಪಟ್ಟು: ನಲವತ್ತಾರು, ತೊಂಬತ್ತೆರಡು, ತೊಂಬತ್ತನಾಲ್ಕು, ಹೀಗೆ ಒಂದು ಸಂಸಾರವೇ. ಎಲ್ಲರನ್ನೂ ಕೂಡಿಸಿದಳು. ಎರಡು ಸಾವಿರದ ನೂರ ಎಪ್ಪತ್ತು. ಹಳೆಯ 16246ಕ್ಕೆ ಸೇರಿಸಿದರೆ 18416. ಖನಾತಾಳ ಮನೆ, ಒಂದು ಇಟ್ಟಿಗೆಯೂ ಕಡಿಮೆಯಿಲ್ಲದೆ.

"ಅಪ್ಪಾ," ಎಂದಳು ಬತೂಲ್. ಅಷ್ಟು ವರ್ಷ ತಂದೆಯನ್ನು ಒಳಗೊಳಗೇ ಅನುಮಾನಿಸಿದ್ದಕ್ಕೆ ಅವಳಿಗೆ ಅಳು ಒತ್ತರಿಸಿ ಬಂತು. ಕೈ ತೊಳೆಯಲಿಲ್ಲ. ತಲೆಗೆ ಬಟ್ಟೆ ಎಳೆದುಕೊಂಡು ಬೀದಿಗಿಳಿದಳು. ಹೇರು ಹೊತ್ತ ಹೇಸರಗತ್ತೆಯೊಂದು ಅವಳಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡಿತು.

ಮೂರು ಸಲ ತಟ್ಟಿದಳು. ಓಗೊಡಲಿಲ್ಲ. ಬೀದಿಯವರು ನೋಡುತ್ತಿದ್ದರು. ಬತೂಲ್ ಹಿತ್ತಾಳೆಯ ಬಳೆಯನ್ನು ಬಿಡಲಿಲ್ಲ. ನಾಲ್ಕನೆಯ ಸಲ ತಟ್ಟಿದಳು.

ಬಾಗಿಲು ತೆರೆಯಿತು. ಯಾತ್ರೆಯ ಬಿಳಿ ಬಟ್ಟೆಯಲ್ಲಿ ಖನಾತಾ ನಿಂತಿದ್ದಳು, ಕುಗ್ಗಿ, ಸಣ್ಣಗಾಗಿ.

"ಮೂರಾದ ಮೇಲೆ ತಟ್ಟೋದು ಮರ್ಯಾದೆ ಅಲ್ಲ," ಎಂದಳು.

"ಮರ್ಯಾದೆ ಹಾಳಾಗ್ಲಿ. ನನ್ನ ಲೆಕ್ಕ ಸರಿಯಾಯ್ತು ಕಣೇ ಖನಾತಾ. ಕಮ್ಮಿ ಇಲ್ಲ. ಯಾವತ್ತೂ ಕಮ್ಮಿ ಇರ್ಲಿಲ್ಲ. ಇಪ್ಪತ್ತಮೂರಕ್ಕೆ ತೆರೀತು. ನಾನು ಹತ್ತೊಂಬತ್ತಕ್ಕೇ ಬಿಟ್ಟು ಬಂದಿದ್ದೆ."

ಖನಾತಾ ಅವಳ ಹಿಟ್ಟಿನ ಕೈಗಳನ್ನು ನೋಡಿದಳು. ಆಮೇಲೆ ಅಂದಳು: "ನಾನು ಹೇಳಿದ್ದು ಆ ಲೆಕ್ಕ ಅಲ್ಲ. ಅಮ್ಮನಿಗೆ ಉಸಿರು ಸಿಕ್ಕಿಕೊಂಡಾಗ ನಿನ್ನ ಬಾಗಿಲಿಗೆ ಓಡಿ ಬಂದಿದ್ದೆ. ಮೂರು ಸಲ ತಟ್ಟಿದೆ. ಒಳಗೆ ಹಾಡು, ನಗು. ಯಾರೂ ತೆಗೀಲಿಲ್ಲ. ತಿರುಗಿ ಬರೋಷ್ಟರಲ್ಲಿ ಅಮ್ಮ ಒಬ್ಬಳೇ ಹೋಗಿಬಿಟ್ಟಿದ್ದಳು."

ಬತೂಲ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಕೇಳಿಸ್ಲೇ ಇಲ್ಲ ಕಣೇ. ದೇವರಾಣೆ, ಡೋಲಿನ ಸದ್ದಲ್ಲಿ ಕೇಳಿಸ್ಲೇ ಇಲ್ಲ. ಇನ್ನೊಂದು ಸಲ ತಟ್ಟಬಾರದಾಗಿತ್ತಾ?"

"ನಿಮ್ಮಪ್ಪನೇ ಅಲ್ವಾ ಹೇಳಿಕೊಟ್ಟಿದ್ದು, ಮೂರಕ್ಕೆ ತಿರುಗು ಅಂತ? ಲೆಕ್ಕದಲ್ಲಿ ನಾನು ಹಟಮಾರಿ. ನಿನ್ನ ಬಾಗಿಲಲ್ಲಿ ಹಟ ಮಾಡೋಕೆ ನಾಚಿಕೆ ಆಯ್ತು." ಖನಾತಾ ಹಿತ್ತಾಳೆಯ ಬಳೆಯ ಮೇಲೆ ಕೈಯಿಟ್ಟಳು. "ಮತ್ತೆ ಬಂದು ತಟ್ಟೋಕೆ ಧೈರ್ಯ ಬರ್ಲಿಲ್ಲ. ನಿನ್ನೆ ನೀನು ತಟ್ಟಿದಾಗ ಎಣಿಸ್ತಾ ಕೂತಿದ್ದೆ. ನಾಲ್ಕನೇದು ಬರುತ್ತೇನೋ ಅಂತ."

ಇಬ್ಬರು ಮುದುಕಿಯರೂ ಬೀದಿಯ ಎದುರೇ ಅತ್ತರು. ಆ ಕಡೆಯಿಂದ ಹಮ್ಮೂ ಇದ್ದಿಲ ಚೀಲ ಇಳಿಸಿ ತಾನೂ ಅತ್ತ. ಅವನಿಗೆ ಕಾರಣ ಬೇಕಿರಲಿಲ್ಲ.

"ಕ್ಷಮಿಸು ಬತೂಲ್."

"ನೀನು ಕ್ಷಮಿಸು."

ಮೂಗು ಒರೆಸಿಕೊಂಡು ಖನಾತಾ ಹಳೆಯ ಹುಡುಗಿಯ ದನಿಯಲ್ಲಿ ಕೇಳಿದಳು: "ಒಳಗೆ ಯಾರಿದ್ರೇ?"

"ಇಪ್ಪತ್ತಮೂರು, ನಲವತ್ತೇಳು. ಇಷ್ಟು ವರ್ಷವೂ ಒಳಗೇ ಕೂತಿದ್ರು."

"ನಾನೂ ಒಳಗೇ ಕೂತಿದ್ದೆ," ಎಂದಳು ಖನಾತಾ.

ಹೊರಡುವ ಗಡಿಬಿಡಿಯಲ್ಲಿ ರೊಟ್ಟಿಗೆ ಸಮಯವಿರಲಿಲ್ಲ. ಖನಾತಾ ಗೂಡಿನಿಂದ ತನ್ನ ಅಚ್ಚನ್ನು ತಂದು ಬತೂಲ್‌ಳ ಹಿಟ್ಟಿನ ಕೈಯಲ್ಲಿಟ್ಟಳು. ಅಂಕಿಗಳ ಅಂಚು ಸವೆದು ನುಣ್ಣಗಾಗಿತ್ತು. "ನಾನು ಬರೋವರೆಗೂ ನನ್ನ ಮನೆ ರೊಟ್ಟಿ ನಿಲ್ಲಬಾರದು," ಎಂದಳು. ಬಾರದಿದ್ದರೆ ಎಂದು ಅವಳೂ ಅನ್ನಲಿಲ್ಲ, ಇವಳೂ ಕೇಳಲಿಲ್ಲ.

ಆ ದಿನ ಹೊತ್ತು ಮೀರಿ ಬಂದ ಹಲಗೆಯಲ್ಲಿ ಎರಡು ಗುರುತಿನ ರೊಟ್ಟಿಗಳನ್ನೂ ನೋಡಿ ಬಾ ಅಲ್ಲಾಲ್ ತಲೆ ಕೆರೆದುಕೊಂಡ. "ಇದೇನು ಲಲ್ಲಾ, ಹಜ್‌ಗೆ ಹೋದೋರ ರೊಟ್ಟಿ ನಿಮ್ಮ ಹಲಗೇಲಿ?"

"ಅಕ್ಕಪಕ್ಕದಲ್ಲೇ ಇಡು," ಎಂದಳು ಬತೂಲ್.

ಮಧ್ಯಾಹ್ನ ಅವಳು 18416ರ ಅಚ್ಚಿನ ರೊಟ್ಟಿಯನ್ನು ಮುರಿದು, ಆಲಿವ್ ಎಣ್ಣೆಯಲ್ಲಿ ಅದ್ದಿ, ಚೂರೂ ಬಿಡದೆ ತಿಂದಳು. ಚಹಾ ಕುಡಿದು ದಿಂಬಿಗೆ ಒರಗಿದಳು. ಮೆಟ್ಟಿಲು ಇಳಿಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವಳಿಗೆ ನಿಜವಾಗಿಯೂ ನಿದ್ದೆ ಬಂತು.